ಮ್ಯಾಕ್‌ನಲ್ಲಿ ಆಟ: ಕೊಳ್ಳುವ ಮುನ್ನ ಅರಿಯಬೇಕಾದ ಯಂತ್ರಾಂಶ

ಚನ್ನಪಟ್ಟಣದ ಮರದ ಬುಗುರಿಯೊಂದನ್ನು ತೆಗೆದುಕೊಳ್ಳಿ. ಅದರ ನೆತ್ತಿಗೆ ರಟ್ಟಿನ ಬಿಲ್ಲೆಯೊಂದನ್ನು ಅಂಟಿಸಿ, ಅರ್ಧಕ್ಕೆ ಕೆಂಪು, ಉಳಿದರ್ಧಕ್ಕೆ ಹಸಿರು ಬಣ್ಣ ಬಳಿಯಿರಿ. ನಿಧಾನವಾಗಿ ತಿರುಗಿಸಿದಾಗ ಎರಡೂ ಬಣ್ಣಗಳು ಒಂದರ ಹಿಂದೊಂದು ಬಂದು ಹೋಗುವುದು ಕಾಣುತ್ತದೆ. ವೇಗ ಹೆಚ್ಚಿಸಿದರೆ ಮೊದಲು ಮಿಣುಕುತ್ತದೆ, ಆಮೇಲೆ ಕೆಂಪೂ ಇಲ್ಲ, ಹಸಿರೂ ಇಲ್ಲ, ಮಾಸಲು ಹಳದಿಯೊಂದೇ ಉಳಿಯುತ್ತದೆ. ಬಣ್ಣ ಬೆರೆತದ್ದು ರಟ್ಟಿನ ಮೇಲಲ್ಲ, ನಮ್ಮ ಕಣ್ಣು ಮತ್ತು ಮಿದುಳಿನಲ್ಲಿ. ಒಂದು ಮಿತಿಯನ್ನು ದಾಟಿದ ವೇಗದಲ್ಲಿ ಬರುವ ನೋಟಗಳನ್ನು ನಾವು ಬಿಡಿಬಿಡಿಯಾಗಿ ಗುರುತಿಸಲಾರೆವು.

ಗಣಕದ ಆಟಗಳು ನಿಂತಿರುವುದು ಈ ಮಿತಿಯ ಮೇಲೆಯೇ. ಪರದೆಯ ಮೇಲೆ ಓಡುವ ಕುದುರೆ ನಿಜವಾಗಿ ಓಡುತ್ತಿಲ್ಲ. ಸೆಕೆಂಡಿಗೆ 60 ನಿಶ್ಚಲ ಚಿತ್ರಗಳು ಬಂದು ಹೋಗುತ್ತಿವೆ. ಸಿನಿಮಾದಲ್ಲೂ ಹೀಗೆಯೇ ಅಲ್ಲವೇ ಎಂದು ನೀವು ಕೇಳಬಹುದು. ಒಂದು ವ್ಯತ್ಯಾಸವಿದೆ. ಸಿನಿಮಾದ ಚಿತ್ರಗಳು ಮೊದಲೇ ಸಿದ್ಧವಾಗಿರುತ್ತವೆ. ಆಟದಲ್ಲಿ ಮುಂದಿನ ಚಿತ್ರ ಯಾವುದೆಂದು ಯಾರಿಗೂ ಗೊತ್ತಿಲ್ಲ, ಏಕೆಂದರೆ ನೀವು ಯಾವ ಗುಂಡಿ ಒತ್ತುವಿರೆಂದು ಯಾರಿಗೂ ಗೊತ್ತಿಲ್ಲ. ಒತ್ತಿದ ಮೇಲೆ ಲೆಕ್ಕ ಹಾಕಿ, ಬೆಳಕು ನೆರಳು ಕೂಡಿಸಿ, ಚಿತ್ರ ಬರೆದು, ಪರದೆಗೆ ಕಳಿಸಬೇಕು. ಅದಕ್ಕಿರುವ ಅವಧಿ 1000ವನ್ನು 60ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 16.7 ಮಿಲಿಸೆಕೆಂಡು. ಆಟಕ್ಕೆ ಯಂತ್ರಾಂಶ ಆರಿಸುವುದೆಂದರೆ ಈ 16.7 ಮಿಲಿಸೆಕೆಂಡಿನೊಳಗೆ ಕೆಲಸ ಮುಗಿಸಬಲ್ಲ ಯಂತ್ರವನ್ನು, ಅದೂ ಮೊದಲ ಹತ್ತು ನಿಮಿಷವಲ್ಲ, ಎರಡು ಗಂಟೆ ಹೊತ್ತು ಮುಗಿಸಬಲ್ಲ ಯಂತ್ರವನ್ನು, ಆರಿಸುವುದು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಿಂದ ದಿನವೂ ಬೆಂಗಳೂರಿನ ಕಾಲೇಜುಗಳಿಗೆ ಹೋಗಿ ಬರುವ ವಿದ್ಯಾರ್ಥಿಗಳು ಬಹಳ. 2007ರಲ್ಲಿ ರಾಮನಗರ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂಬ ಹೆಸರು ಪಡೆದ ಈ ಸೀಮೆಯ ಶಿಕ್ಷಕರಿಗೆ ಇಂಥ ವಿದ್ಯಾರ್ಥಿಗಳಿಂದ ಬರುವ ಪ್ರಶ್ನೆಗಳಲ್ಲೊಂದು: “ಸಾರ್, ಓದಿಗೂ ಆಗಬೇಕು, ಆಟಕ್ಕೂ ಆಗಬೇಕು, ಮ್ಯಾಕ್ ತೆಗೆದುಕೊಳ್ಳಬಹುದಾ?” ಪ್ರಶ್ನೆ ಹಗುರವಾಗಿ ಕಂಡರೂ ಹಿಂದಿರುವ ಹಣ ಹಗುರವಲ್ಲ. ಎಷ್ಟೋ ಮನೆಗಳಲ್ಲಿ ಅದು ಒಂದೆರಡು ಬೆಳೆ ರೇಷ್ಮೆಗೂಡಿನ ದುಡ್ಡು. ಸಾಮಾನ್ಯ ಗಣಕದಲ್ಲಾದರೆ ಇಂದು ಕಡಿಮೆ ಮೆಮೊರಿ ಕೊಂಡು ಮುಂದಿನ ವರ್ಷ ಹೆಚ್ಚಿಸಬಹುದು, ಗ್ರಾಫಿಕ್ಸ್ ಕಾರ್ಡ್ ಬದಲಿಸಬಹುದು. ಈಗಿನ ಮ್ಯಾಕ್‌ಗಳಲ್ಲಿ ಚಿಪ್ಪೂ ಮೆಮೊರಿಯೂ ಒಂದೇ ಕವಚದಲ್ಲಿ ಬೆಸೆದುಕೊಂಡಿರುತ್ತವೆ. ಕೊಂಡ ದಿನ ಏನಿದೆಯೋ ಕೊನೆಯವರೆಗೂ ಅದೇ. ಆದ್ದರಿಂದ ಇಲ್ಲಿ ಆಯ್ಕೆಯ ದಿನವೇ ಎಲ್ಲವೂ ತೀರ್ಮಾನವಾಗುತ್ತದೆ.

ಆಟವಾಡುವುದೊಂದೇ ಉದ್ದೇಶವಾದರೆ ಮ್ಯಾಕ್ ಬೇಡ ಎಂಬುದು ನನ್ನ ಅಭಿಪ್ರಾಯ. ಅದೇ ಹಣಕ್ಕೆ ವಿಂಡೋಸ್ ಗಣಕದಲ್ಲಿ ಹೆಚ್ಚು ಆಟಗಳು, ಹೆಚ್ಚು ವೇಗ, ರಿಪೇರಿಯ ಅನುಕೂಲ ಎಲ್ಲವೂ ಸಿಗುತ್ತವೆ. ಓದಿಗೋ ಸಂಗೀತ, ವಿಡಿಯೋ ಕೆಲಸಕ್ಕೋ ಐಫೋನ್ ತಂತ್ರಾಂಶ ಬರೆಯುವುದಕ್ಕೋ ಮ್ಯಾಕ್ ಹೇಗೂ ಬೇಕಾಗಿದೆ, ಅದರಲ್ಲೇ ಆಟವನ್ನೂ ಆಡಬೇಕು ಎನ್ನುವವರಿಗೆ ಮುಂದಿನ ಮಾತು.

ಮೂರು ಬಾರಿ ಬದಲಾದ ಹೃದಯ

1984ರ ಮೊದಲ ಮ್ಯಾಕಿಂತಾಶ್‌ನಲ್ಲಿದ್ದದ್ದು ಮೊಟೊರೊಲಾ 68000 ಚಿಪ್, 128 ಕಿಲೋಬೈಟ್ ಮೆಮೊರಿ ಮತ್ತು 512×342 ಚುಕ್ಕಿಗಳ ಕಪ್ಪು-ಬಿಳುಪು ಪರದೆ. 1994ರಲ್ಲಿ ಪವರ್‌ಪಿಸಿ ಬಂತು, 2006ರಲ್ಲಿ ಇಂಟೆಲ್ ಬಂತು, 2020ರ ನವೆಂಬರ್‌ನಲ್ಲಿ ಆಪಲ್ ತಾನೇ ವಿನ್ಯಾಸ ಮಾಡಿದ ಎಂ1 ಬಂತು. ಪ್ರತಿ ಬಾರಿಯೂ ಚಿಪ್ಪಿನ ಭಾಷೆ ಬದಲಾಯಿತು. ಹಳೆಯ ಭಾಷೆಯಲ್ಲಿ ಬರೆದ ಆಟಗಳು ಕೆಲವು ವರ್ಷ ದುಭಾಷಿಯ ನೆರವಿನಿಂದ ನಡೆದು ಆಮೇಲೆ ನಿಂತುಹೋದವು. ಇದರ ಜೊತೆಗೆ 2019ರ ಕ್ಯಾಟಲಿನಾ ಆವೃತ್ತಿಯಲ್ಲಿ 32 ಬಿಟ್‌ನ ತಂತ್ರಾಂಶಗಳಿಗೆಲ್ಲ ಬಾಗಿಲು ಮುಚ್ಚಿತು. ಒಂದೇ ದಿನದಲ್ಲಿ ನೂರಾರು ಹಳೆಯ ಆಟಗಳು ಉಪಯೋಗಕ್ಕೆ ಬಾರದಾದವು.

ಮ್ಯಾಕ್‌ಗೂ ಆಟಕ್ಕೂ ಹುಟ್ಟಿನಿಂದಲೇ ಆಗಿಬರದು ಎಂಬ ಮಾತು ಮಾತ್ರ ಸುಳ್ಳು. 1993ರ ‘ಮಿಸ್ಟ್’ ಮೊದಲು ಬಂದದ್ದು ಮ್ಯಾಕ್‌ನಲ್ಲಿ. ‘ಹೇಲೋ’ ಆಟವನ್ನು 1999ರಲ್ಲಿ ಲೋಕಕ್ಕೆ ಪರಿಚಯಿಸಿದವರು ಸ್ಟೀವ್ ಜಾಬ್ಸ್. ಮರುವರ್ಷ ಆ ಆಟ ಮಾಡುತ್ತಿದ್ದ ಬಂಜಿ ಸಂಸ್ಥೆಯನ್ನು ಮೈಕ್ರೋಸಾಫ್ಟ್ ಕೊಂಡುಕೊಂಡಿತು. 2001ರಲ್ಲಿ ಆ ಆಟ ಎಕ್ಸ್‌ಬಾಕ್ಸ್‌ನ ಪಾಲಾಗಿ, ಮ್ಯಾಕ್‌ಗೆ ಬರುವಾಗ 2003ರ ಕೊನೆಯಾಗಿತ್ತು. ಇಂದು ಲೋಕದಲ್ಲೆಲ್ಲ ಆಟ ತಯಾರಿಸಲು ಬಳಸುವ ‘ಯೂನಿಟಿ’ ತಂತ್ರಾಂಶ ಕೂಡ 2005ರಲ್ಲಿ ಹೊರಬಂದಾಗ ಮ್ಯಾಕ್‌ಗೆ ಮಾತ್ರ ಇತ್ತು.

ಚರಕ ಮತ್ತು ಹತ್ತು ಎಳೆ

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಎಲ್ಲರಿಗೂ ಗೊತ್ತು. ಅಲ್ಲಿಂದ ಗೂಡು ಹೋಗುವುದು ನೂಲು ಬಿಚ್ಚಾಣಿಕೆಯ ಘಟಕಗಳಿಗೆ. ನಿಮ್ಮ ವಿದ್ಯಾರ್ಥಿಗಳನ್ನು ಒಮ್ಮೆ ಅಲ್ಲಿಗೆ ಕರೆದೊಯ್ದರೆ ಗಣಕದ ಎರಡು ಬಗೆಯ ಸಂಸ್ಕಾರಕಗಳ ಪಾಠ ಅಲ್ಲೇ ಆಗಿಹೋಗುತ್ತದೆ. ಚರಕದ ಮುಂದೆ ಕುಳಿತ ಕುಶಲಿ ಗೂಡಿನ ಗುಣ ನೋಡಿ, ಎಳೆ ಕಡಿದರೆ ಜೋಡಿಸಿ, ದಪ್ಪ ಹೆಚ್ಚಿದರೆ ತಗ್ಗಿಸಿ, ಕ್ಷಣಕ್ಷಣಕ್ಕೂ ತೀರ್ಮಾನ ಮಾಡುತ್ತಾನೆ. ಆದರೆ ಒಂದು ಹೊತ್ತಿಗೆ ಅವನು ಎಳೆಯುವ ಎಳೆಗಳು ಕೆಲವೇ. ಮಲ್ಟಿ ಎಂಡ್ ಯಂತ್ರದಲ್ಲಿ ಒಂದೊಂದು ತೊಟ್ಟಿಯಿಂದಲೂ ಹತ್ತು ಎಳೆಗಳು ಒಟ್ಟಿಗೆ ಮೇಲೇಳುತ್ತವೆ. ಒಂದೊಂದು ಎಳೆಯೂ ನಿಧಾನವೇ, ಒಟ್ಟು ನೂಲು ಮಾತ್ರ ಬಹಳ.

ಗಣಕದ ಮುಖ್ಯ ಸಂಸ್ಕಾರಕ, ಅಂದರೆ ಸಿಪಿಯು, ಚರಕದ ಕುಶಲಿಯಿದ್ದಂತೆ. ಶತ್ರು ಎಡಕ್ಕೆ ತಿರುಗಬೇಕೇ ಬಲಕ್ಕೇ, ಚೆಂಡು ಗೋಡೆಗೆ ತಾಗಿತೇ ಇಲ್ಲವೇ ಎಂಬ ತೀರ್ಮಾನಗಳು ಅದರವು. ಗ್ರಾಫಿಕ್ಸ್ ಸಂಸ್ಕಾರಕ, ಅಂದರೆ ಜಿಪಿಯು, ಹಲವು ಎಳೆಯ ಯಂತ್ರ. ಪರದೆಯ ಪ್ರತಿ ಚುಕ್ಕಿಗೂ ಮಾಡಬೇಕಾದ ಲೆಕ್ಕ ಹೆಚ್ಚುಕಡಿಮೆ ಒಂದೇ ಬಗೆಯದು, ಒಂದು ಚುಕ್ಕಿಯ ಲೆಕ್ಕ ಇನ್ನೊಂದಕ್ಕೆ ಕಾಯಬೇಕಿಲ್ಲ. ಎಂ1 ಚಿಪ್ಪಿನ ಜಿಪಿಯುವಿನಲ್ಲಿ 8 ತಿರುಳುಗಳಿವೆ, ತಿರುಳೊಂದರಲ್ಲಿ 128 ಲೆಕ್ಕದ ಘಟಕಗಳು, ಒಟ್ಟು 1024. ಪ್ರತಿಯೊಂದೂ ಒಂದು ಗಡಿಯಾರ ಮಿಡಿತಕ್ಕೆ ಒಂದು ಗುಣಾಕಾರ, ಒಂದು ಸಂಕಲನ ಮಾಡುತ್ತದೆ. ಮಿಡಿತಗಳು ಸೆಕೆಂಡಿಗೆ ಸುಮಾರು 128 ಕೋಟಿ. ಮೂರನ್ನೂ ಗುಣಿಸಿ ನೋಡಿ: 1024 × 2 × 128 ಕೋಟಿ, ಅಂದರೆ ಸೆಕೆಂಡಿಗೆ ಸುಮಾರು 2.6 ಲಕ್ಷ ಕೋಟಿ ಲೆಕ್ಕ. ಜಾಹೀರಾತಿನಲ್ಲಿ 2.6 ಟೆರಾಫ್ಲಾಪ್ ಎಂದು ಬರೆಯುವುದು ಇದನ್ನೇ.

ಇಷ್ಟೊಂದು ಲೆಕ್ಕ ಏಕೆ ಬೇಕು? ಸಾಮಾನ್ಯ ಮಾನಿಟರಿನಲ್ಲಿ 1920×1080, ಅಂದರೆ 20,73,600 ಚುಕ್ಕಿಗಳು. ಸೆಕೆಂಡಿಗೆ 60 ಸಲ ಎಂದರೆ ಸುಮಾರು 12 ಕೋಟಿ 44 ಲಕ್ಷ ಚುಕ್ಕಿ. 2.6 ಲಕ್ಷ ಕೋಟಿಯನ್ನು ಅದರಿಂದ ಭಾಗಿಸಿದರೆ ಒಂದು ಚುಕ್ಕಿಯ ಪಾಲಿಗೆ ಹೆಚ್ಚೆಂದರೆ 21 ಸಾವಿರ ಲೆಕ್ಕ. ಸಾಕಷ್ಟಾಯಿತು ಅನ್ನಿಸುತ್ತದೆ. ನೆರಳು, ಪ್ರತಿಫಲನ, ಮಂಜು, ನೀರು ಎಲ್ಲವನ್ನೂ ಈ 21 ಸಾವಿರದಲ್ಲೇ ತೀರಿಸಬೇಕು. ಅದರಲ್ಲೂ ಬಹುಪಾಲು ಘಟಕಗಳು ಬಹಳ ಹೊತ್ತು ದತ್ತಾಂಶ ಬಂದಿಲ್ಲವೆಂದು ಸುಮ್ಮನೆ ಕಾಯುತ್ತಿರುತ್ತವೆ. ಇನ್ನು 4ಕೆ ಪರದೆಯಲ್ಲಿ ಚುಕ್ಕಿಗಳು ನಾಲ್ಕುಪಟ್ಟು. ಪಾಲು ಸರಿಯಾಗಿ ಕಾಲು ಭಾಗಕ್ಕೆ ಇಳಿಯುತ್ತದೆ. ಮ್ಯಾಕ್‌ಬುಕ್ ಏರ್‌ನ ಸ್ವಂತ ಪರದೆಯೇ 2560×1664, ಸಾಮಾನ್ಯ ಮಾನಿಟರಿನ ಎರಡರಷ್ಟು. ಆಟದ ಒಳಗಿನ ಸಿದ್ಧತೆಯಲ್ಲಿ ಚುಕ್ಕಿಗಳ ಸಂಖ್ಯೆಯನ್ನು ಇಳಿಸುವುದು ಆದ್ದರಿಂದಲೇ ಎಲ್ಲಕ್ಕಿಂತ ಅಗ್ಗದ ಸುಧಾರಣೆ. ಕಡಿಮೆ ಚುಕ್ಕಿಯಲ್ಲಿ ಬರೆದು ಆಮೇಲೆ ಜಾಣತನದಿಂದ ದೊಡ್ಡದು ಮಾಡುವ ‘ಮೆಟಲ್‌ಎಫ್‌ಎಕ್ಸ್’ ಎಂಬ ಉಪಾಯವನ್ನು ಆಪಲ್ 2022ರಲ್ಲಿ ತಂದಿತು. ಆಟದಲ್ಲಿ ಆ ಆಯ್ಕೆ ಕಂಡರೆ ಹಿಂಜರಿಯದೆ ಒತ್ತಿರಿ.

ಒಂದೇ ಕಣಜ

ಈಗ ಎಲ್ಲಕ್ಕಿಂತ ಮುಖ್ಯವಾದ, ಕೊಳ್ಳುವವರು ಎಲ್ಲಕ್ಕಿಂತ ಕಡಿಮೆ ಗಮನ ಕೊಡುವ ಸಂಗತಿಗೆ ಬರೋಣ. ಆಟಕ್ಕೆಂದು ಜೋಡಿಸಿದ ವಿಂಡೋಸ್ ಗಣಕದಲ್ಲಿ ಸಾಮಾನ್ಯವಾಗಿ ಎರಡು ಕಣಜಗಳಿರುತ್ತವೆ: ಸಿಪಿಯುವಿಗೆ ಒಂದು ಮೆಮೊರಿ, ಗ್ರಾಫಿಕ್ಸ್ ಕಾರ್ಡಿನ ಮೇಲೆ ಇನ್ನೊಂದು. ಚಿತ್ರಕ್ಕೆ ಬೇಕಾದ ಸಾಮಗ್ರಿಯನ್ನು ಮೊದಲ ಕಣಜದಿಂದ ಎರಡನೆಯದಕ್ಕೆ ಸಾಗಿಸಬೇಕು. ಆಪಲ್ ಚಿಪ್ಪಿನ ಮ್ಯಾಕ್‌ಗಳಲ್ಲಿ ಕಣಜ ಒಂದೇ, ಇಬ್ಬರೂ ಅದರಿಂದಲೇ ತೆಗೆಯುತ್ತಾರೆ. ಸಾಗಿಸುವ ಶ್ರಮ ತಪ್ಪುತ್ತದೆ, ವಿದ್ಯುತ್ತು ಉಳಿಯುತ್ತದೆ. ಅಂಗಡಿಯವರು ಇದನ್ನು ಹೇಳುತ್ತಾರೆ. ಹೇಳದೆ ಬಿಡುವುದು ಇನ್ನೊಂದು ಮಗ್ಗುಲನ್ನು: 16 ಜಿಬಿ ಗಣಕಕ್ಕೆ 8 ಜಿಬಿಯ ಕಾರ್ಡ್ ಹಾಕಿದರೆ ಒಟ್ಟು 24 ಆಗುತ್ತದೆ, 16 ಜಿಬಿ ಮ್ಯಾಕ್‌ನಲ್ಲಿ ವ್ಯವಸ್ಥೆಗೂ, ತೆರೆದಿಟ್ಟ ಬ್ರೌಸರಿಗೂ, ಆಟಕ್ಕೂ, ಚಿತ್ರಕ್ಕೂ ಸೇರಿ ಇರುವುದೇ 16.

ಚಿತ್ರಗಳು ಎಷ್ಟು ಜಾಗ ತಿನ್ನುತ್ತವೆ? ಗೋಡೆಯೊಂದರ ಮೇಲ್ಮೈಗೆ 4096×4096 ಚುಕ್ಕಿಯ ಚಿತ್ರ ಹೊದಿಸಿದ್ದಾರೆನ್ನಿ. ಚುಕ್ಕಿಗೆ 4 ಬೈಟ್‌ನಂತೆ 6,71,08,864 ಬೈಟ್, ಹತ್ತಿರ ಹತ್ತಿರ 67 ಎಂಬಿ. ಕುಗ್ಗಿಸಿ ಇಟ್ಟರೂ 17 ಎಂಬಿ. ಊರೊಂದನ್ನು ಕಟ್ಟಿದ ಆಟದಲ್ಲಿ ಇಂಥವು ನೂರಾರು. ಕಣಜ ತುಂಬಿದಾಗ ಗಣಕ ಹೆಚ್ಚಾದದ್ದನ್ನು ಎಸ್‌ಎಸ್‌ಡಿಗೆ ಸಾಗಿಸಿ, ಬೇಕಾದಾಗ ಮತ್ತೆ ತರುತ್ತದೆ. ಎಸ್‌ಎಸ್‌ಡಿ ವೇಗದ್ದೇ ಆದರೂ ಮೆಮೊರಿಯ ಮುಂದೆ ಅದು ಎತ್ತಿನ ಗಾಡಿ. ಓಡುತ್ತಿದ್ದ ಕುದುರೆ ಥಟ್ಟನೆ ನಿಂತು ಮತ್ತೆ ನೆಗೆಯುವುದು ಆಗಲೇ. 2025ರ ಜುಲೈನಲ್ಲಿ ಮ್ಯಾಕ್‌ಗೆ ಬಂದ ‘ಸೈಬರ್‌ಪಂಕ್ 2077’ ಆಟ ಕನಿಷ್ಠ ಎಂ1 ಚಿಪ್ಪನ್ನೂ 16 ಜಿಬಿ ಮೆಮೊರಿಯನ್ನೂ ಕೇಳುತ್ತದೆ. ಗಮನಿಸಿ, ಚಿಪ್ಪು ಎಲ್ಲಕ್ಕಿಂತ ಹಳೆಯದಾದರೂ ನಡೆಯುತ್ತದೆ, 8 ಜಿಬಿ ಮಾತ್ರ ನಡೆಯುವುದಿಲ್ಲ. 2020ರಿಂದ 2024ರ ನಡುವೆ ಮಾರಾಟವಾದ ಬಹಳಷ್ಟು ಏರ್‌ಗಳು 8 ಜಿಬಿಯವು. ಬಳಸಿದ ಯಂತ್ರ ಕೊಳ್ಳುವವರು ಮೊದಲು ನೋಡಬೇಕಾದ ಅಂಕಿ ಇದೇ.

ಕಣಜ ಎಷ್ಟು ದೊಡ್ಡದು ಎಂಬಷ್ಟೇ ಮುಖ್ಯ ಅದರ ಬಾಗಿಲು ಎಷ್ಟು ಅಗಲ ಎಂಬುದು. ಸೆಕೆಂಡಿಗೆ ಎಷ್ಟು ಗಿಗಾಬೈಟ್ ಒಳಗೆ ಹೊರಗೆ ಸಾಗಬಹುದೆಂಬ ಲೆಕ್ಕವಿದು. ಎಂ1ರಲ್ಲಿ ಸುಮಾರು 68, ಎಂ2 ಮತ್ತು ಎಂ3ರಲ್ಲಿ 100, ಎಂ4ರಲ್ಲಿ 120, 2025ರ ಅಕ್ಟೋಬರ್‌ನಲ್ಲಿ ಬಂದ ಎಂ5ರಲ್ಲಿ 153. ಎಂ4 ಪ್ರೊದಲ್ಲಿ 273. ಹೋಲಿಕೆಗೆ, ಮಧ್ಯಮ ದರ್ಜೆಯ ಎನ್ವಿಡಿಯಾ ಆರ್‌ಟಿಎಕ್ಸ್ 4060 ಕಾರ್ಡಿನಲ್ಲಿ 272. ಚಿಪ್ಪಿನ ಹೆಸರಿನ ಮುಂದಿನ ಅಂಕಿಗಿಂತ ಹೆಸರಿನ ಹಿಂದಿನ ‘ಪ್ರೊ’ ಎಂಬ ಪದ ಆಟಕ್ಕೆ ಹೆಚ್ಚು ಬೆಲೆಯುಳ್ಳದ್ದು ಎಂಬುದು ಈ ಅಂಕಿಗಳಿಂದಲೇ ಕಾಣುತ್ತದೆ. 2021ರ ಎಂ1 ಪ್ರೊದ ಬಾಗಿಲು 200. ಮೂರು ವರ್ಷ ಆಮೇಲೆ ಬಂದ ಸಾದಾ ಎಂ4ಗಿಂತ ಅದು ಅಗಲ. ಆದರೆ ಬೆಲೆಯೂ ಹಾಗೆಯೇ. 2024ರ ಕೊನೆಯಲ್ಲಿ ಎಂ4 ಮ್ಯಾಕ್ ಮಿನಿ ಭಾರತಕ್ಕೆ ಬಂದಾಗ 16 ಜಿಬಿಯದಕ್ಕೆ 59,900 ರೂಪಾಯಿ, ಎಂ4 ಪ್ರೊದ ಮಿನಿಗೆ 1,49,900 ರೂಪಾಯಿ ಎಂದು ಬೆಲೆ ಕಟ್ಟಿದ್ದರು. ಎರಡರ ನಡುವಿನ 90 ಸಾವಿರಕ್ಕೆ ಇನ್ನೊಂದು ಒಳ್ಳೆಯ ಗಣಕವೇ ಬರುತ್ತದೆ!

ಬಾಗಿಲು ಕಿರಿದಾದರೂ ಆಪಲ್ ಜಿಪಿಯು ತಕ್ಕಮಟ್ಟಿಗೆ ಸಾಗುವುದು ಒಂದು ಉಪಾಯದಿಂದ. ಅದು ಪರದೆಯನ್ನು ಸಣ್ಣ ಸಣ್ಣ ಚೌಕಗಳಾಗಿ ಹಂಚಿಕೊಂಡು, ಒಂದು ಚೌಕದ ಕೆಲಸವನ್ನೆಲ್ಲ ಚಿಪ್ಪಿನೊಳಗಿನ ಪುಟ್ಟ ಮೆಮೊರಿಯಲ್ಲೇ ಮುಗಿಸಿ, ಸಿದ್ಧವಾದ ಚಿತ್ರವನ್ನು ಮಾತ್ರ ಹೊರಗೆ ಕಳಿಸುತ್ತದೆ. ಮೊಬೈಲ್ ಫೋನಿನಿಂದ ಬಂದ ವಿದ್ಯೆಯಿದು. ಇದನ್ನು ಬಲ್ಲವರು ಬರೆದ ಆಟಗಳು ಚೆನ್ನಾಗಿ ಓಡುತ್ತವೆ, ವಿಂಡೋಸ್‌ಗೆಂದು ಬರೆದು ಹಾಗೇ ತಂದು ಹಾಕಿದವು ತಡವರಿಸುತ್ತವೆ. ಬೆಳಕಿನ ಕಿರಣಗಳ ಹಾದಿಯನ್ನು ಲೆಕ್ಕ ಹಾಕುವ ಪ್ರತ್ಯೇಕ ಘಟಕಗಳು ಬಂದದ್ದು 2023ರ ಎಂ3ರಿಂದ. ಪ್ರತಿಫಲನಗಳ ಚಂದ ಬೇಕೆನ್ನುವವರು ಅದಕ್ಕಿಂತ ಹಿಂದಿನದನ್ನು ನೋಡಬೇಕಿಲ್ಲ.

ಅರಗು ಕರಗುವ ಬಿಸಿ

ಚನ್ನಪಟ್ಟಣದ ಗೊಂಬೆಗೆ ಬಣ್ಣ ಏರುವುದನ್ನು ನೋಡಿದ್ದೀರಾ? ಲೇತಿನಲ್ಲಿ ತಿರುಗುವ ಆಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಒಲೆ ಇಲ್ಲ, ಬೆಂಕಿ ಇಲ್ಲ. ತಿಕ್ಕಾಟದಿಂದ ಹುಟ್ಟಿದ ಶಾಖಕ್ಕೇ ಅರಗು ಮೆತ್ತಗಾಗಿ ಮರದ ಮೇಲೆ ಹರಡುತ್ತದೆ. ಅರಗು ಕರಗುವುದು ಸುಮಾರು 75 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆಟ ಜೋರಾಗಿ ನಡೆಯುವಾಗ ಮ್ಯಾಕ್‌ನ ಚಿಪ್ಪು 90 ಡಿಗ್ರಿಯನ್ನೂ ದಾಟುತ್ತದೆ. ಕೈಗೆ ಸಿಗುವಂತಿದ್ದರೆ ಅದರ ಮೇಲೆ ಗೊಂಬೆಗೆ ಬಣ್ಣ ಹಾಕಬಹುದಿತ್ತು. ಗೊಂಬೆಗೆ ಬೇಕಾದ ಶಾಖ ಇಲ್ಲಿ ಮಾತ್ರ ಬೇಡದ ಅತಿಥಿ.

ಚಿಪ್ಪು ಬಳಸಿದ ವಿದ್ಯುತ್ತೆಲ್ಲ ಕೊನೆಗೆ ಶಾಖವೇ ಆಗುತ್ತದೆ. ಆ ಬಳಕೆ ಮಿಡಿತದ ವೇಗಕ್ಕೂ, ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ವೇಗ ಹೆಚ್ಚಿಸಬೇಕಾದರೆ ವೋಲ್ಟೇಜನ್ನೂ ಸ್ವಲ್ಪ ಏರಿಸಬೇಕಾಗುವುದರಿಂದ ಶಾಖ ವೇಗಕ್ಕಿಂತ ಬೇಗ ಬೆಳೆಯುತ್ತದೆ. ಬಂದ ಶಾಖ ಹೊರಗೆ ಹೋಗದಿದ್ದರೆ ಚಿಪ್ಪು ತನ್ನ ರಕ್ಷಣೆಗೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಮ್ಯಾಕ್‌ಬುಕ್ ಏರ್‌ನಲ್ಲಿ 2020ರ ಎಂ1ರಿಂದ ಈಚೆಗೆ ಫ್ಯಾನ್ ಇಲ್ಲ. ಸದ್ದಿಲ್ಲದ ಆ ಯಂತ್ರ ಓದಿಗೆ ಬಲು ಚೆನ್ನ. ಆದರೆ ಆಟದಲ್ಲಿ ಮೊದಲ ಕೆಲವು ನಿಮಿಷ ಇದ್ದ ವೇಗ ಆಮೇಲೆ ಇರುವುದಿಲ್ಲ. ಮ್ಯಾಕ್‌ಬುಕ್ ಪ್ರೊ ಮತ್ತು ಮ್ಯಾಕ್ ಮಿನಿಗಳಲ್ಲಿ ಫ್ಯಾನ್ ಉಂಟು.

ಇದಕ್ಕೆ ನಮ್ಮ ಬೇಸಿಗೆಯನ್ನೂ ಸೇರಿಸಿ ಲೆಕ್ಕ ಹಾಕಬೇಕು. ಹೊರಹೋಗುವ ಶಾಖ ಸ್ಥೂಲವಾಗಿ ಚಿಪ್ಪಿನ ಮತ್ತು ಕೋಣೆಯ ತಾಪಗಳ ಅಂತರಕ್ಕೆ ಅನುಪಾತದಲ್ಲಿರುತ್ತದೆ. ನ್ಯೂಟನ್ನನ ತಂಪಾಗುವಿಕೆಯ ನಿಯಮ ನೆನಪಿಸಿಕೊಳ್ಳಿ. ಚಿಪ್ಪಿನ ಮಿತಿ 100 ಡಿಗ್ರಿ ಎಂದಿಟ್ಟುಕೊಂಡರೆ, ಹವಾನಿಯಂತ್ರಣವಿರುವ 20 ಡಿಗ್ರಿಯ ಮಳಿಗೆಯಲ್ಲಿ ಅಂತರ 80. ಕನಕಪುರದ ಶೀಟಿನ ಮನೆಯೊಂದರಲ್ಲಿ ಏಪ್ರಿಲ್ ಮಧ್ಯಾಹ್ನ ಕೋಣೆ 36 ಡಿಗ್ರಿ ಇದ್ದರೆ ಅಂತರ 64. ಹೊರಹಾಕಬಲ್ಲ ಶಾಖ ಐದನೆಯ ಒಂದು ಭಾಗ ಕಡಿಮೆಯಾಯಿತು. ಆಪಲ್ ಸಂಸ್ಥೆಯೇ ತನ್ನ ಲ್ಯಾಪ್‌ಟಾಪ್‌ಗಳನ್ನು 10ರಿಂದ 35 ಡಿಗ್ರಿಯ ಕೋಣೆಯಲ್ಲಿ ಬಳಸಿ ಎಂದು ಹೇಳುತ್ತದೆ. ಮಳಿಗೆಯಲ್ಲಿ ಕಂಡ ವೇಗ ಮನೆಯಲ್ಲಿ ಸಿಗಲಿಲ್ಲವೆಂದು ದೂರುವವರು ಈ ಲೆಕ್ಕವನ್ನೊಮ್ಮೆ ಮಾಡಬೇಕು. ಸಂಜೆ ತಂಪಾದ ಮೇಲೆ ಆಡುವುದು, ಹಾಸಿಗೆಯ ಮೇಲಿಡದೆ ಗಟ್ಟಿ ಮೇಜಿನ ಮೇಲಿಡುವುದು ಇವು ದುಡ್ಡಿಲ್ಲದ ಪರಿಹಾರಗಳು. 2024ರ ಮಿನಿ ಗಾಳಿಯನ್ನು ಎಳೆದು ಬಿಡುವುದು ತನ್ನ ಬುಡದಿಂದ. ಅದರ ಕೆಳಗೆ ಮೇಜಿನ ಬಟ್ಟೆ ಹಾಸಬೇಡಿ. ಕಲ್ಲು ಕ್ವಾರಿಯ ಧೂಳು ಬರುವ ಕಡೆ ಇರುವವರಿಗೆ ಈ ಎಚ್ಚರ ಇಮ್ಮಡಿ.

ಕರೆಂಟು ಹೋದಾಗ

ಮ್ಯಾಕ್‌ನ ಪರವಾಗಿ ಹೇಳಲೇಬೇಕಾದ ಮಾತು ಇಲ್ಲಿದೆ. ಎಂ4 ಮ್ಯಾಕ್ ಮಿನಿ ಹೆಚ್ಚೆಂದರೆ 65 ವ್ಯಾಟ್ ಬಳಸುತ್ತದೆ. ಎನ್ವಿಡಿಯಾದ ಆರ್‌ಟಿಎಕ್ಸ್ 4090 ಎಂಬ ಕಾರ್ಡ್ ಒಂದೇ 450 ವ್ಯಾಟ್ ತಿನ್ನುತ್ತದೆ. ಮನೆಯ ಇನ್ವರ್ಟರಿನಲ್ಲಿ 12 ವೋಲ್ಟಿನ, 150 ಆಂಪಿಯರ್ ಗಂಟೆಯ ಬ್ಯಾಟರಿ ಇದೆಯೆನ್ನಿ. ಒಳಗಿರುವುದು 1800 ವ್ಯಾಟ್ ಗಂಟೆ. ಬ್ಯಾಟರಿ ಬಾಳಬೇಕಾದರೆ ಅರ್ಧವಷ್ಟೇ ಬಳಸಬೇಕು, 900. ಇನ್ವರ್ಟರಿನ ನಷ್ಟ ಕಳೆದರೆ ಸುಮಾರು 720. ಮಿನಿಗೆ 65, ಮಾನಿಟರಿಗೆ 25 ಸೇರಿ 90 ವ್ಯಾಟ್ ಎಂದರೆ ಎಂಟು ಗಂಟೆ. ಒಟ್ಟು 600 ವ್ಯಾಟ್ ಬಳಸುವ ಗಣಕಕ್ಕೆ ಒಂದು ಗಂಟೆ ಹನ್ನೆರಡು ನಿಮಿಷ. ಫ್ಯಾನು, ದೀಪ ಬೇರೆ ಇವೆ. ಮಿನಿಗೆ ಒಳಗೆ ಬ್ಯಾಟರಿ ಇಲ್ಲವಾದ್ದರಿಂದ ಇನ್ವರ್ಟರನ್ನು ಯುಪಿಎಸ್ ಸ್ಥಿತಿಯಲ್ಲಿ ಇಡಬೇಕು, ಇಲ್ಲವಾದರೆ ಬದಲಾಗುವ ಆ ಕ್ಷಣದಲ್ಲಿ ಯಂತ್ರ ಆರಿಹೋಗುತ್ತದೆ. ಲ್ಯಾಪ್‌ಟಾಪಿಗೆ ಆ ಚಿಂತೆಯಿಲ್ಲ. ಮ್ಯಾಕ್‌ನ ಅಡಾಪ್ಟರುಗಳು 100ರಿಂದ 240 ವೋಲ್ಟಿನವರೆಗೆ ತಾಳಿಕೊಳ್ಳುತ್ತವೆ, ಹಳ್ಳಿಯ ಸಂಜೆಯ ಕಡಿಮೆ ವೋಲ್ಟೇಜಿಗೆ ಹೆದರಬೇಕಿಲ್ಲ. ಹೆದರಬೇಕಾದದ್ದು ಸಿಡಿಲಿಗೆ ಮತ್ತು ಅರ್ತ್ ಇಲ್ಲದ ಸಾಕೆಟ್ಟಿಗೆ.

ಯಂತ್ರ ಬಲ್ಲದು, ಆಟ ಬಾರದು

ಇಷ್ಟೆಲ್ಲ ಯಂತ್ರಾಂಶ ಸರಿಯಿದ್ದರೂ ನಿಮ್ಮ ಆಟ ಮ್ಯಾಕ್‌ನಲ್ಲಿ ಇಲ್ಲದೇ ಇರಬಹುದು. ಬಹುಪಾಲು ಆಟಗಳು ಚಿತ್ರ ಬರೆಯಲು ಮೈಕ್ರೋಸಾಫ್ಟ್‌ನ ಡೈರೆಕ್ಟ್‌3ಡಿ ಭಾಷೆಯನ್ನು ಬಳಸುತ್ತವೆ. ಮ್ಯಾಕ್‌ಗೆ ಗೊತ್ತಿರುವುದು ಆಪಲ್‌ನ ‘ಮೆಟಲ್’. ಅಂಥ ಆಟವನ್ನು ನಡೆಸಬೇಕಾದರೆ ಮೂರು ಅನುವಾದಗಳಾಗಬೇಕು: ಇಂಟೆಲ್ ಆಜ್ಞೆಗಳು ಆಪಲ್ ಚಿಪ್ಪಿನ ಆಜ್ಞೆಗಳಾಗಬೇಕು, ವಿಂಡೋಸ್ ಕರೆಗಳು ಮ್ಯಾಕ್ ಕರೆಗಳಾಗಬೇಕು, ಡೈರೆಕ್ಟ್‌3ಡಿ ಮೆಟಲ್ ಆಗಬೇಕು. ರೊಸೆಟಾ 2, ವೈನ್, 2023ರಲ್ಲಿ ಆಪಲ್ ಹೊರತಂದ ಗೇಮ್ ಪೋರ್ಟಿಂಗ್ ಟೂಲ್‌ಕಿಟ್ ಇವೆಲ್ಲ ಈ ಕೆಲಸ ಮಾಡುವ ದುಭಾಷಿಗಳು. ಮೂವರು ದುಭಾಷಿಗಳ ಮೂಲಕ ನಡೆಯುವ ಸಂಭಾಷಣೆ ಎಷ್ಟು ವೇಗವಾಗಿರಬಲ್ಲದೋ ಅಷ್ಟೇ ವೇಗ. ಅದರಲ್ಲೂ ರೊಸೆಟಾದ ಪೂರ್ಣ ನೆರವು ಮ್ಯಾಕ್‌ಓಎಸ್ 27ರವರೆಗೆ ಮಾತ್ರ, ಆಮೇಲೆ ಕೆಲವು ಹಳೆಯ ಆಟಗಳಿಗಷ್ಟೇ ಉಳಿಯುತ್ತದೆ ಎಂದು ಆಪಲ್ 2025ರಲ್ಲಿ ತಿಳಿಸಿದೆ.

ಮ್ಯಾಕ್‌ಗೆಂದೇ ಬಂದ ದೊಡ್ಡ ಆಟಗಳೂ ಇವೆ. 2022ರಲ್ಲಿ ‘ರೆಸಿಡೆಂಟ್ ಈವಿಲ್ ವಿಲೇಜ್’, 2023ರಲ್ಲಿ ‘ನೋ ಮ್ಯಾನ್ಸ್ ಸ್ಕೈ’ ಮತ್ತು ‘ಬಾಲ್ಡರ್ಸ್ ಗೇಟ್ 3’, 2025ರಲ್ಲಿ ‘ಅಸ್ಯಾಸಿನ್ಸ್ ಕ್ರೀಡ್ ಶ್ಯಾಡೋಸ್’. ಇನ್ನೊಂದೆಡೆ ಗೆಳೆಯರೆಲ್ಲ ಒಟ್ಟಿಗೆ ಆಡುವ ‘ವ್ಯಾಲೊರಂಟ್’ ಮ್ಯಾಕ್‌ನಲ್ಲಿಲ್ಲ. 2023ರ ‘ಕೌಂಟರ್-ಸ್ಟ್ರೈಕ್ 2’ ಮ್ಯಾಕ್ ಅನ್ನು ಕೈಬಿಟ್ಟಿತು. ಮೋಸ ಮಾಡುವವರನ್ನು ಹಿಡಿಯಲು ಇಂಥ ಕೆಲವು ಆಟಗಳು ವಿಂಡೋಸ್‌ನ ಆಳಕ್ಕೆ ಇಳಿದು ಕಾವಲು ಕೂರುವುದರಿಂದ ದುಭಾಷಿಗಳ ಮೂಲಕವೂ ನಡೆಯವು. ದೂರದ ಗಣಕದಲ್ಲಿ ಆಟ ನಡೆಸಿ ಚಿತ್ರವನ್ನಷ್ಟೇ ಜಾಲದ ಮೂಲಕ ತರಿಸಿಕೊಳ್ಳುವ ದಾರಿಯೂ ಇದೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಸಾವಿರ ಕಿಲೋಮೀಟರ್ ದೂರದ ಯಂತ್ರಕ್ಕೆ ಹೋಗಿ ಬರಲು 10 ಮಿಲಿಸೆಕೆಂಡು. ನಮ್ಮ 16.7ರಲ್ಲಿ ಬಹುಪಾಲು ದಾರಿಯಲ್ಲೇ ಖರ್ಚಾಯಿತು. ಚದುರಂಗಕ್ಕೆ ಸಾಕು, ಕತ್ತಿವರಸೆಗೆ ಸಾಲದು.

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಅಗ್ಗಕ್ಕೆ ಸಿಗುವ ಇಂಟೆಲ್ ಮ್ಯಾಕ್‌ಗಳ ಆಸೆ ಹಲವರಿಗೆ. ಅವುಗಳಲ್ಲಿ ಬೂಟ್ ಕ್ಯಾಂಪ್ ಮೂಲಕ ವಿಂಡೋಸ್ ಹಾಕಿ ಆಡಬಹುದು ಎಂಬುದು ನಿಜ; ಆಪಲ್ ಚಿಪ್ಪಿನವುಗಳಲ್ಲಿ ಆ ಸೌಲಭ್ಯವಿಲ್ಲ. ಹೊರಗಿನಿಂದ ಗ್ರಾಫಿಕ್ಸ್ ಕಾರ್ಡ್ ಜೋಡಿಸುವ ಅನುಕೂಲವನ್ನು ಆಪಲ್ 2018ರಲ್ಲಿ ಕೊಟ್ಟದ್ದೂ ಇಂಟೆಲ್ ಯಂತ್ರಗಳಿಗೇ. ಆದರೆ ಬೂಟ್ ಕ್ಯಾಂಪ್ ಒಪ್ಪುವ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಟೆಲ್ ಮ್ಯಾಕ್‌ಗಳಿಗೆ ಮ್ಯಾಕ್‌ಓಎಸ್ 26 ಕೊನೆಯದು, ಅದೂ 2019 ಮತ್ತು 2020ರ ನಾಲ್ಕು ಮಾದರಿಗಳಿಗೆ ಮಾತ್ರ. ಹೊಸ ಆಟಗಳು ಆಪಲ್ ಚಿಪ್ಪನ್ನೇ ಕೇಳುತ್ತವೆ. ಎಷ್ಟೇ ಅಗ್ಗವಾದರೂ ಬೇಡ ಎನ್ನುವೆ.

ಹಾಗಾದರೆ ಯಾವುದು? ಮನೆಯಲ್ಲೇ ಕುಳಿತು ಓದುವ, ಆಡುವ ವಿದ್ಯಾರ್ಥಿಗೆ 16 ಜಿಬಿಯ ಮ್ಯಾಕ್ ಮಿನಿ, 1920×1080ರ ಮಾನಿಟರು. ಆಪಲ್ ಮಾರುವ ಹೆಚ್ಚಿನ ಎಸ್‌ಎಸ್‌ಡಿ ದುಬಾರಿ. ಮಿನಿಯ 256 ಜಿಬಿಯಲ್ಲಿ ದೊಡ್ಡ ಆಟ ಒಂದೋ ಎರಡೋ ಹಿಡಿಸುತ್ತವೆ. ಉಳಿದವನ್ನು ಯುಎಸ್‌ಬಿ-ಸಿ ಕಿಂಡಿಗೆ ಸಿಕ್ಕಿಸುವ ಎಸ್‌ಎಸ್‌ಡಿಯಲ್ಲಿಡಿ. ಸೆಕೆಂಡಿಗೆ ಸಾವಿರ ಎಂಬಿ ಓದುವಂಥದ್ದಾದರೆ ಆಟಕ್ಕೆ ಸಾಲುತ್ತದೆ. ಆ ಉಳಿತಾಯವನ್ನು ಮೆಮೊರಿ ಹೆಚ್ಚಿಸಲು ಬಳಸುವುದು ಜಾಣತನ, ಏಕೆಂದರೆ ಎಸ್‌ಎಸ್‌ಡಿ ಹೊರಗಿನಿಂದ ಸೇರಿಸಬಹುದು, ಮೆಮೊರಿ ಸೇರಿಸಲಾಗದು. ಕಾಲೇಜಿಗೆ ಒಯ್ಯಬೇಕಾದವರು, ಆಟ ಅಪರೂಪಕ್ಕೆ ಎನ್ನುವವರು 16 ಜಿಬಿಯ ಏರ್ ಕೊಳ್ಳಬಹುದು. ಒಯ್ಯಲೂ ಬೇಕು, ಗಂಟೆಗಟ್ಟಲೆ ಆಡಲೂ ಬೇಕು ಎಂದರೆ ಫ್ಯಾನ್ ಇರುವ ಮ್ಯಾಕ್‌ಬುಕ್ ಪ್ರೊ. ಹೊಸದರ ಬೆಲೆ ಎಟುಕದಿದ್ದರೆ 16 ಜಿಬಿಯ ಎಂ1 ಪ್ರೊ ಬಳಸಿದ್ದು ಸಿಕ್ಕೀತು, ಬ್ಯಾಟರಿಯ ಸ್ಥಿತಿ ನೋಡಿ ತನ್ನಿ. ಆಟದ ಕೈಹಿಡಿಕೆಯೊಂದನ್ನು ಕೊಳ್ಳುವುದಾದರೆ ಎಕ್ಸ್‌ಬಾಕ್ಸ್ ಮತ್ತು ಪ್ಲೇಸ್ಟೇಷನ್‌ಗಳ ಈಚಿನ ಹಿಡಿಕೆಗಳು ಬ್ಲೂಟೂತ್ ಮೂಲಕ ಮ್ಯಾಕ್‌ಗೆ ಹೊಂದುತ್ತವೆ. ರಿಪೇರಿ ಎಲ್ಲಿ ಎಂದು ಮೊದಲೇ ವಿಚಾರಿಸಿಕೊಳ್ಳಿ. ರೈಲು ಕೂಡ ಇಲ್ಲದ ಮಾಗಡಿ, ಕನಕಪುರದವರಿಗೆ ಬೆಂಗಳೂರಿಗೆ ಹೋಗಿಬರುವುದೆಂದರೆ ಒಂದು ದಿನದ ಕೆಲಸ.

ಆಟ ಆಡುವುದಕ್ಕಿಂತ ಆಟ ಮಾಡುವ ಆಸೆಯಿರುವ ವಿದ್ಯಾರ್ಥಿಗಳಿದ್ದರೆ ಅವರಿಗೆ ಈ ಯಾವ ಅಡ್ಡಿಯೂ ಇಲ್ಲ. ಯೂನಿಟಿ, ಗೊಡೊ, ಬ್ಲೆಂಡರ್ ಮೂರೂ ಮ್ಯಾಕ್‌ನಲ್ಲಿ ಚೆನ್ನಾಗಿ ನಡೆಯುತ್ತವೆ. ಭಾರತದ ಮೊದಲ ಆಟ ತಯಾರಿಕಾ ಸಂಸ್ಥೆಗಳಲ್ಲೊಂದಾದ ಧ್ರುವ ಇಂಟರಾಕ್ಟಿವ್ 1997ರಲ್ಲಿ ಆರಂಭವಾದದ್ದು ಈ ಊರುಗಳಿಗೆ ಒಂದೆರಡು ಗಂಟೆಯ ದಾರಿಯ ಬೆಂಗಳೂರಿನಲ್ಲೇ. 2019ರಲ್ಲಿ ಅದು ರಾಕ್‌ಸ್ಟಾರ್ ಸಂಸ್ಥೆಯ ಪಾಲಾಯಿತು.

ತರಗತಿಯಲ್ಲಿ ಮಾಡಬಹುದಾದ ಒಂದು ಪ್ರಯೋಗ ಹೇಳಿಬಿಡುತ್ತೇನೆ. ಫ್ಯಾನ್ ಇಲ್ಲದ ಏರ್ ಒಂದನ್ನು, ಫ್ಯಾನ್ ಇರುವ ಮಿನಿ ಅಥವಾ ಪ್ರೊ ಒಂದನ್ನು ಸಂಪಾದಿಸಿ. ಎರಡರಲ್ಲೂ ಒಂದೇ ಆಟ, ಒಂದೇ ದೃಶ್ಯ, ಒಂದೇ ಚುಕ್ಕಿ ಸಂಖ್ಯೆ ಇರಲಿ. ಬಹಳಷ್ಟು ಆಟಗಳು ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತಿದೆ ಎಂಬುದನ್ನು ಪರದೆಯ ಮೂಲೆಯಲ್ಲಿ ತೋರಿಸಬಲ್ಲವು. ಎರಡೆರಡು ನಿಮಿಷಕ್ಕೊಮ್ಮೆ ಆ ಅಂಕಿಯನ್ನೂ, ಕೋಣೆಯ ತಾಪವನ್ನೂ ಅರ್ಧ ಗಂಟೆ ಬರೆದುಕೊಳ್ಳಿ. ಗ್ರಾಫ್ ಹಾಳೆಯಲ್ಲಿ ಕಾಲವನ್ನು ಅಡ್ಡಕ್ಕೆ, ಚಿತ್ರಗಳ ಸಂಖ್ಯೆಯನ್ನು ಉದ್ದಕ್ಕೆ ಇಟ್ಟು ಎರಡು ಗೆರೆ ಎಳೆಯಿರಿ. ಒಂದು ಗೆರೆ ಎಲ್ಲಿ ಬಾಗಲು ತೊಡಗುತ್ತದೆ, ಬಾಗಿದ ಮೇಲೆ ಎಷ್ಟರಲ್ಲಿ ನಿಲ್ಲುತ್ತದೆ ಎಂಬುದನ್ನು ಗುರುತು ಮಾಡಿ. ಇದೇ ಪ್ರಯೋಗವನ್ನು ಡಿಸೆಂಬರ್‌ನಲ್ಲೊಮ್ಮೆ, ಏಪ್ರಿಲ್‌ನಲ್ಲೊಮ್ಮೆ ಮಾಡಿದರೆ ನಾಲ್ಕು ಗೆರೆಗಳಾಗುತ್ತವೆ. ಯಾವ ಯಂತ್ರ ಕೊಳ್ಳಬೇಕೆಂದು ಕೇಳಲು ಬಂದ ವಿದ್ಯಾರ್ಥಿಯ ಮುಂದೆ ಆ ಹಾಳೆಯನ್ನು ಇಡಿ.